ಬಾಸ್ಟನ್ನಿನ ಎರಡು ಪ್ರತಿಮೆಗಳು

ಅಮೆರಿಕದ ಬಾಸ್ಟನ್ ನಗರದ ಬೀಕನ್ ಗುಡ್ಡದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭಾ ಭವನವಿದೆ. ಅದರ ಸುವರ್ಣ ಗುಮ್ಮಟವು ದೂರದಿಂದಲೇ ಕಣ್ಸೆಳೆಯುತ್ತದೆ. ಆದರೆ ಅಲ್ಲಿಗೆ ಹೋದಾಗ ನಮ್ಮನ್ನು ತಡೆದು ನಿಲ್ಲಿಸಿದುದು ಭವನದ ಮುಂದಿರುವ ಇಬ್ಬರು ಸ್ತ್ರೀಯರ ಪ್ರತಿಮೆಗಳು. ಒಬ್ಬಾಕೆ ಆನ್ ಹಚಿನ್ಸನ್. ಮಗುವೊಂದನ್ನು ಪಕ್ಕದಲ್ಲಿರಿಸಿಕೊಂಡು ಮೇಲೆ ನೋಡುತ್ತ ನಿಂತಿದ್ದಾಳೆ. ಮತ್ತೊಬ್ಬಾಕೆ ಮೇರಿ ಡೈಯರ್, ಶಾಂತಳಾಗಿ ಕುಳಿತಿದ್ದಾಳೆ. ಇಬ್ಬರನ್ನೂ ಶಿಕ್ಷಿಸಿದುದು ಇದೇ ನಾಡಿನ ಸರ್ಕಾರ!

ಇಂಗ್ಲೆಂಡಿನ ರಾಜಾಶ್ರಿತ ಚರ್ಚಿನಲ್ಲಿ ಆಡಂಬರವಳಿದು ಶುದ್ಧಿಯುಂಟಾಗಬೇಕೆಂದು ಹಂಬಲಿಸಿದವರು ಪ್ಯೂರಿಟನ್ನರು. ಅಲ್ಲಿನ ಕಿರುಕುಳವನ್ನು ತಾಳಲಾರದೆ 1630ರಲ್ಲಿ ಜಾನ್ ವಿಂಥ್ರಾಪನ ನಾಯಕತ್ವದಲ್ಲಿ ಕಡಲು ದಾಟಿ ಬಂದು ಇಲ್ಲಿ ನೆಲೆಸಿದರು. ದೈವವಾಕ್ಯದಂತೆ ನಡೆಯುವ ಸಮಾಜವನ್ನು ಕಟ್ಟುವುದೇ ಅವರ ಸಂಕಲ್ಪ. ಚರ್ಚಿನ ಸದಸ್ಯರಾದ ಪುರುಷರಿಗೆ ಮಾತ್ರ ಮತದಾನದ ಹಕ್ಕೆಂದು 1631ರಲ್ಲಿ ವಿಧಿಸಿದರು. ಸದಸ್ಯನಾಗಬಯಸುವವನು ತನಗೆ ದೈವಕೃಪೆಯಾದ ಬಗೆಯನ್ನು ಸಭೆಯೆದುರು ನಿವೇದಿಸಬೇಕಿತ್ತು. ಪ್ರಾರ್ಥನೆಗೆ ಬಾರದವರಿಗೆ ದಂಡ. ಧರ್ಮಬೋಧಕರು ಸರ್ಕಾರಿ ಪದವಿಯನ್ನು ಹಿಡಿಯುವಂತಿರಲಿಲ್ಲವಾದರೂ ಅಧಿಕಾರಿಗಳು ಅವರ ಮಾತನ್ನು ಮೀರುತ್ತಿದ್ದುದು ಅಪರೂಪ.

ಇದರಿಂದ ಸತ್ಫಲಗಳೂ ದೊರೆತವು. 1636ರಲ್ಲಿ ಹಾರ್ವರ್ಡ್ ವಿದ್ಯಾಲಯಕ್ಕೆ ಅಂಕುರಾರ್ಪಣವಾಯಿತು. ಐವತ್ತು ಮನೆಗಳುಳ್ಳ ಪ್ರತಿ ಊರೂ ಉಪಾಧ್ಯಾಯನನ್ನು ನೇಮಿಸಬೇಕೆಂದು 1647ರ ಕಾನೂನು ಹೇಳಿತು. ಮಕ್ಕಳು ಧರ್ಮಗ್ರಂಥವನ್ನು ತಾವೇ ಓದಬೇಕೆಂಬುದು ಅದರ ಆಶಯ. ಆದರೆ ಓದಿದವರು ಬೇರೆ ಅರ್ಥವನ್ನು ಕಂಡರೆ?

ಆನ್ ಹಚಿನ್ಸನ್ ಕಂಡಳು. ಹಲವು ಮಕ್ಕಳ ತಾಯಿಯಾದ ಆಕೆ ಹೆರಿಗೆಯಲ್ಲಿ ನೆರವಾಗುತ್ತಿದ್ದಳು. ಮನೆಯಲ್ಲಿ ಸ್ತ್ರೀಯರನ್ನು ಕೂಡಿಸಿ ಧರ್ಮಚಿಂತನೆ ನಡೆಸುತ್ತಿದ್ದಳು. ಕ್ರಮೇಣ ಪುರುಷರೂ ಬರತೊಡಗಿದರು. ಬಹಿರಂಗದ ಸದಾಚಾರವೇ ದೈವಕೃಪೆಗೆ ಸಾಕ್ಷಿಯಲ್ಲವೆಂಬುದು ಆಕೆಯ ನಿಲುವು. 1637ರಲ್ಲಿ ಆಕೆಯ ವಿಚಾರಣೆಯಾಯಿತು. ಆಪಾದಿಸಿದವನೂ ವಿಂಥ್ರಾಪನೇ, ತೀರ್ಪಿತ್ತವನೂ ಅವನೇ. ದೇವರು ತನಗೆ ನೇರವಾಗಿ ಅರುಹಿದನೆಂದು ಆಕೆ ನುಡಿದುದೇ ಮಹಾಪರಾಧವೆನಿಸಿ ಗಡೀಪಾರಾದಳು. ಮರುವರ್ಷ ಚರ್ಚೂ ಬಹಿಷ್ಕರಿಸಿತು. ತುಂಬಿದ ಸಭೆಯಲ್ಲಿ ಎದ್ದು ಬಂದು ಆಕೆಯ ಕೈಹಿಡಿದು ಹೊರನಡೆದವಳೇ ಮೇರಿ ಡೈಯರ್. ಮುಂದೆ ಕ್ವೇಕರ್ ಪಂಥವನ್ನು ಸೇರಿದ ಈಕೆ, ನಿಷೇಧವನ್ನು ಲೆಕ್ಕಿಸದೆ ಬಾಸ್ಟನ್ನಿಗೆ ಮರಳಿ ಬಂದುದಕ್ಕಾಗಿ 1660ರಲ್ಲಿ ಗಲ್ಲಿಗೇರಿದಳು.

ಈ ನಾಡಿನಲ್ಲಿ ಚರ್ಚಿಗೂ ಸರ್ಕಾರಕ್ಕೂ ಇದ್ದ ನಂಟು ಪೂರ್ತಿ ಕಳಚಿದುದು 1833ರಲ್ಲಿ.

ವಾಚಕರೇ, ಪ್ಯೂರಿಟನ್ನರು ದುಷ್ಟರಾಗಿರಲಿಲ್ಲ; ಶ್ರದ್ಧಾವಂತರು, ಕಷ್ಟಸಹಿಷ್ಣುಗಳು. ತಾವುಂಡ ನೋವನ್ನೇ ಪರರಿಗೆ ಉಣಿಸುತ್ತಿರುವೆವೆಂಬ ಅರಿವು ಮಾತ್ರ ಅವರಿಗಾಗಲಿಲ್ಲ. ನಂಬುಗೆ ಒಳಗಿನಿಂದ ಮೂಡಬೇಕು. ದಂಡದ ಭಯದಿಂದ ಬಂದುದು ಬರಿಯ ನಟನೆ. ಆ ಇಬ್ಬರು ತಾಯಂದಿರಿಗೆ ಮನದಲ್ಲಿಯೇ ವಂದಿಸಿ ನಾವು ಗುಡ್ಡವನ್ನಿಳಿದೆವು.