ಗೋಲು ಹೊಡೆಯದವರ ಲೆಕ್ಕ

ಈ ವಾರ ರಾಗಿ, ಅವರೆ ಮಾತು ಸ್ವಲ್ಪ ಪಕ್ಕಕ್ಕಿಟ್ಟು ಫುಟ್‌ಬಾಲ್ ಬಗ್ಗೆ ಬರೀತೀನಿ. ಕಾರಣ ಕೊನೇಲಿ ಹೇಳ್ತೀನಿ, ಪೂರ್ತಿ ಓದಿ.

ನಾನು ಬೆಂಗಳೂರು ಎಫ್‌ಸಿ ಕಡೆಯವನು ಅಂತ ನಿಮಗೆಲ್ಲ ಗೊತ್ತು. ಸೊಪ್ಪಿನ ಲೋಡ್ ಜೊತೆ ಮಾರ್ಕೆಟ್‌ಗೆ ಹೋದ ದಿನ ಪಂದ್ಯ ಇದ್ರೆ ಕಂಠೀರವ ಸ್ಟೇಡಿಯಂಗೆ ಹೋಗಿ ನೋಡ್ಕೊಂಡೇ ಬರೋದು. ಇಲ್ದಿದ್ರೆ ಮೊಬೈಲಲ್ಲಿ. ನಮ್ಮೂರ ಹುಡುಗರಿಗೆ ಈ ತಂಡ ಅಂದ್ರೆ ಸುನಿಲ್ ಛೆಟ್ರಿ ಒಬ್ಬನೇ. ಛೆಟ್ರಿ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹನ್ನೊಂದು ಜನ ಆಡೋ ಆಟದಲ್ಲಿ ಒಬ್ಬರ ಹೆಸರೇ ಉಳಿದ್ರೆ ಮಿಕ್ಕಿದ ಹತ್ತು ಜನ ಏನು ಮಾಡ್ತಿದ್ರು?

2016ರ ಅಕ್ಟೋಬರ್ ನೆನಪು ಮಾಡ್ಕೊಳ್ಳಿ. ಎಎಫ್‌ಸಿ ಕಪ್ ಸೆಮಿಫೈನಲ್, ಮಲೇಷ್ಯಾದ ಜೊಹೊರ್ ತಂಡದ ಮೇಲೆ. ಹಿಂದಿನ ವರ್ಷ ಕಪ್ ಗೆದ್ದಿದ್ದವರೇ ಅವರು. ಅಲ್ಲಿ ಆಡಿದ ಪಂದ್ಯ 1-1. ಇಲ್ಲಿ ಕಂಠೀರವದಲ್ಲಿ ಮೊದಲ ಗೋಲು ಅವರದೇ. ಆಮೇಲೆ ಛೆಟ್ರಿ ಎರಡು ಹೊಡೆದ. ಇದು ಎಲ್ರಿಗೂ ನೆನಪಿದೆ. ಆದ್ರೆ ಆಗಲೂ ಅವರು ಇನ್ನೊಂದು ಹೊಡೆದಿದ್ರೆ ಲೆಕ್ಕ ಮತ್ತೆ ಸಮ ಆಗ್ತಿತ್ತು. ಮೂರನೇ ಗೋಲು ಹೊಡೆದು ಉಸಿರು ಬಿಡಿಸಿದವನು ಹುವಾನಾನ್, ಸ್ಪೇನ್‌ನಿಂದ ಬಂದ ಡಿಫೆಂಡರ್. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ತಂಡ ನಮ್ಮದು. ಈಗ ಹುವಾನಾನ್ ಹೆಸರು ಹೇಳಿದ್ರೆ ಹುಡುಗರು ಯಾರು ಅಂತ ಕೇಳ್ತಾರೆ.

ಇನ್ನು ಎರಡು ಐಎಸ್‌ಎಲ್ ಫೈನಲ್. ಮೊದಲನೇದು 2018ರ ಮಾರ್ಚ್ 17, ಕಂಠೀರವದಲ್ಲೇ, ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೇ ಛೆಟ್ರಿ ಹೆಡರ್, ಗೋಲು. ಆದ್ರೂ ಸೋತ್ವಿ, 3-2. ಚೆನ್ನೈಯಿನ್ ಡಿಫೆಂಡರ್ ಮೈಲ್ಸನ್ ಆಲ್ವಿಸ್ ಕಾರ್ನರ್‌ನಿಂದ ಬಂದ ಚೆಂಡಿಗೆ ಎರಡು ಸಲ ತಲೆ ಕೊಟ್ಟ, ಎರಡೂ ಗೋಲು. ಮುಂದೆ ಎಷ್ಟು ಚೆನ್ನಾಗಿ ಆಡಿದ್ರೂ ಹಿಂದೆ ಒಂದು ಕ್ಷಣ ಕಾವಲು ತಪ್ಪಿದ್ರೆ ಮುಗೀತು.

ಎರಡನೇದು ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17, ಮುಂಬೈಯಲ್ಲಿ. ಎದುರಿಗೆ ಎಫ್‌ಸಿ ಗೋವಾ. ಅವರ ಕೊರೊ ಆ ಸೀಸನ್‌ನಲ್ಲಿ 16 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ. 90 ನಿಮಿಷ ಆಯ್ತು, 0-0. ಎಕ್ಸ್‌ಟ್ರಾ ಟೈಮ್. 117ನೇ ನಿಮಿಷದಲ್ಲಿ ನಮಗೆ ಕಾರ್ನರ್. ಡಿಮಾಸ್ ಡೆಲ್ಗಾಡೊ ಹಾಕಿದ ಚೆಂಡಿಗೆ ರಾಹುಲ್ ಭೇಕೆ ಹೆಡರ್ ಕೊಟ್ಟ. ಗೋಲು! ನಮ್ಮ ಮೊದಲ ಐಎಸ್‌ಎಲ್ ಕಪ್ ಬಂದಿದ್ದು ಒಬ್ಬ ಡಿಫೆಂಡರ್ ತಲೆಯಿಂದ.

ಭೇಕೆ ಹೆಸರು ಆ ಗೋಲಿಂದ ಉಳೀತು, ಸಂತೋಷ. ಆದ್ರೆ ನನ್ನ ಲೆಕ್ಕದಲ್ಲಿ ಅವತ್ತಿನ ದೊಡ್ಡ ಕೆಲಸ ಆ ಗೋಲಲ್ಲ. ಕೊರೊ ಅಂಥವನಿದ್ದ ತಂಡಕ್ಕೆ 120 ನಿಮಿಷ ಒಂದು ಗೋಲೂ ಬಿಟ್ಟುಕೊಡದೆ ಇದ್ದದ್ದು. ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ, ಯಾಕಂದ್ರೆ ಅಲ್ಲಿ ಏನೂ ಆಗಲಿಲ್ಲ. ಏನೂ ಆಗದ ಹಾಗೆ ನೋಡಿಕೊಳ್ಳೋದೇ ಅವರ ಕೆಲಸ.

ಈಚಿನವರಲ್ಲಿ ಸುರೇಶ್ ಸಿಂಗ್ ವಾಂಗ್ಜಮ್‌ನ ನೋಡಿ. ಮಣಿಪುರದ ಹುಡುಗ, 2017ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಆಡಿದವನು. ಮುಂದಿನ ಪಂದ್ಯದಲ್ಲಿ ಒಂದು ಹತ್ತು ನಿಮಿಷ ಚೆಂಡು ಬಿಟ್ಟು ಇವನೊಬ್ಬನನ್ನೇ ನೋಡಿ. ಬೇರೆಯವರು ಬಿಟ್ಟು ಹೋದ ಜಾಗಕ್ಕೆ ಓಡ್ತಾನೆ, ಎದುರಾಳಿ ತಿರುಗೋಕೆ ಮುಂಚೆ ಅಡ್ಡ ನಿಂತಿರ್ತಾನೆ. ಟೀವಿಯವರು ಅದನ್ನ ಮತ್ತೆ ಮತ್ತೆ ತೋರಿಸಲ್ಲ.

ಈಗ ಕಾರಣ ಹೇಳ್ತೀನಿ. ಹೋದ ವಾರ ಕೆರೆ ಅಚ್ಚುಕಟ್ಟಿನವರ ಸಭೇಲಿ ಒಂದು ಮಾತು ಬಂತು. ‘ನೀರುಗಂಟಿಗೆ ಸುಗ್ಗೀಲಿ ಕೊಡೋ ರಾಗಿ, ಭತ್ತ ಯಾಕೆ? ಮೂರು ವರ್ಷದಿಂದ ಏರೀಲಿ ಒಂದು ತೊಂದ್ರೆ ಇಲ್ಲ, ಅವನಿಗೇನು ಕೆಲಸ ಐತೆ?’ ಅಂತ. ತುಂಬಾ ಜನ ತಲೆ ಆಡಿಸಿದ್ರು.

ಅಣ್ಣಂದಿರೇ, ಮೂರು ವರ್ಷ ತೊಂದ್ರೆ ಇಲ್ಲ ಅಂದ್ರೆ ಅದೇ ಅವನ ಕೆಲಸ. ಮಳೆಗಾಲದ ರಾತ್ರಿ ಬ್ಯಾಟರಿ ಹಿಡ್ಕೊಂಡು ಏರಿ ಮೇಲೆ ಓಡಾಡಿ, ಏಡಿ ಬಿಲ ಹುಡುಕಿ ಮಣ್ಣು ತುಂಬೋದು ನಾನು ಕಣ್ಣಾರೆ ಕಂಡಿದ್ದೀನಿ. ತೂಬು ಎಷ್ಟು ಎತ್ತಬೇಕು, ಕೊನೇ ಗದ್ದೆಗೆ ನೀರು ಯಾವಾಗ ಮುಟ್ಟುತ್ತೆ, ಅವನಿಗೆ ಬಾಯಿಪಾಠ. ನನ್ನ ಗದ್ದೆ ಇರೋದು ಕೊನೇಲೇ, ಅದಕ್ಕೇ ಹೇಳ್ತಿದ್ದೀನಿ. ಏರಿ ಒಡೆದ ದಿನ ಅವನ ಬೆಲೆ ಎಲ್ರಿಗೂ ಗೊತ್ತಾಗುತ್ತೆ, ಆದ್ರೆ ಆಗ ಗೊತ್ತಾಗಿ ಪ್ರಯೋಜನ ಇಲ್ಲ.

ಬರೋ ಭಾನುವಾರ ಬೆಳಗ್ಗೆ ಹತ್ತಕ್ಕೆ ಅರಳಿಕಟ್ಟೆ ಹತ್ರ ಮತ್ತೆ ಸಭೆ. ಒಂದು ಎಕರೆ ಇರೋರೂ ಬನ್ನಿ. ಅವನಿಗೆ ಹೋದ ಸುಗ್ಗೀದೇ ಇನ್ನೂ ಕೆಲವರು ಬಾಕಿ ಇಟ್ಟಿದ್ದಾರೆ. ಮೊದಲು ಅದು ತೀರಲಿ.