ಅಳದ ಕೂಸು

ಅತ್ತರೆ ತಾನೇ ತಾಯಿ ಹಾಲು ಕೊಡೋದು ಅಂತ ನಮ್ಮಲ್ಲೊಂದು ಮಾತಿದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಈ ಮಾತು ನಡೆಯುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಎಷ್ಟೋ ಸಲ ಅಳುವ ತ್ರಾಣವೇ ಇರುವುದಿಲ್ಲ. ಹಿಮ್ಮಡಿಗೆ ಸೂಜಿ ಚುಚ್ಚಿದರೆ ಕಾಲನ್ನೊಮ್ಮೆ ಎಳೆದುಕೊಂಡು, ಬೆರಳು ಅಗಲಿಸಿ, ಸುಮ್ಮನಾಗಿಬಿಡುತ್ತವೆ. ನರ್ಸಿಂಗ್‌ನಲ್ಲಿ ನನ್ನ ಪಿಎಚ್.ಡಿ. ಇರುವುದು ಈ ಸುಮ್ಮನಾಗುವುದರ ಬಗ್ಗೆ.

ಏನು ಸಂಶೋಧನೆ ಎಂದು ಊರಲ್ಲಿ ಯಾರಾದರೂ ಕೇಳಿದರೆ "ಮಗುವಿನ ಮುಖ ಓದೋದು" ಅಂತೀನಿ. ನಗುತ್ತಾರೆ. ನಿಜಕ್ಕೂ ಅದೇ ಕೆಲಸ. ರಕ್ತ ತೆಗೆಯುವಾಗ ಪಕ್ಕದಲ್ಲಿ ನಿಂತು 30 ಸೆಕೆಂಡು ನೋಡಬೇಕು: ಹುಬ್ಬುಗಳ ನಡುವೆ ಉಬ್ಬು ಬಂತೇ, ಕಣ್ಣು ಬಿಗಿಯಾಗಿ ಮುಚ್ಚಿತೇ, ಮೂಗಿನ ಪಕ್ಕದಿಂದ ತುಟಿಯತ್ತ ಇಳಿಯುವ ಗೆರೆ ಆಳವಾಯಿತೇ. ಜೊತೆಗೆ ಎದೆಬಡಿತ, ರಕ್ತದಲ್ಲಿನ ಆಮ್ಲಜನಕ. ಎಲ್ಲಕ್ಕೂ ಅಂಕ. ತೀರಾ ಬೇಗ ಹುಟ್ಟಿದ್ದಕ್ಕೆ ಇನ್ನಷ್ಟು ಅಂಕ ಸೇರಿಸುತ್ತೇವೆ, ಏಕೆಂದರೆ ಅದು ತೋರಿಸಿಕೊಳ್ಳುವುದೇ ಕಡಿಮೆ. (ಕತೆಗಳಲ್ಲಿ ಪಾತ್ರಗಳ ಮೌನವನ್ನು ಓದುವವರಿಗೆ ಈ ಲೆಕ್ಕ ವಿಚಿತ್ರ ಅನ್ನಿಸಲಿಕ್ಕಿಲ್ಲ.)

ವೈದ್ಯಲೋಕ ಇದನ್ನು ಒಪ್ಪಿದ್ದು ಬಹಳ ತಡವಾಗಿ. 1980ರ ದಶಕದಲ್ಲೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಮೈ ಅಲುಗದಂತೆ ಮದ್ದು ಕೊಡುತ್ತಿದ್ದರು, ನೋವಿಗಲ್ಲ. ನರಗಳು ಬಲಿತಿಲ್ಲ, ನೋವು ತಿಳಿಯದು ಎಂಬ ನಂಬಿಕೆ ಒಂದು ಕಡೆ. ಅರಿವಳಿಕೆಯೇ ಜೀವ ತೆಗೆದೀತು ಎಂಬ ಭಯ ಇನ್ನೊಂದು ಕಡೆ. ಭಾರತದಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೆಂಟನಿಲ್ ಎಂಬ ನೋವಿನ ಮದ್ದನ್ನೂ ಪಡೆದ ಶಿಶುಗಳ ಮೈ ಕಡಿಮೆ ತತ್ತರಿಸಿತ್ತು, ಆಮೇಲಿನ ತೊಡಕುಗಳೂ ಕಡಿಮೆಯಿದ್ದವು.

ನಂಬಿಕೆ ಪುಸ್ತಕದಿಂದ ಹೋಯಿತು, ವಾರ್ಡಿನಿಂದ ಪೂರ್ತಿ ಹೋಗಿಲ್ಲ. "ಎಷ್ಟು ಸಣ್ಣದು ನೋಡಮ್ಮ, ಅದಕ್ಕೇನು ಗೊತ್ತಾಗುತ್ತೆ" ಎಂದು ಹಿರಿಯ ಸಿಸ್ಟರ್ ಒಬ್ಬರು ಬಾಣಂತಿಗೆ ಹೇಳಿದ್ದನ್ನು ಕೇಳಿದೆ. ಕ್ರೂರಿಯಲ್ಲ ಆಕೆ. ದಿನಕ್ಕೆ ಎಷ್ಟೋ ಹಿಮ್ಮಡಿ ಚುಚ್ಚಬೇಕಾದ ಕೈಗೆ ಅಂಥದೊಂದು ಸಮಾಧಾನ ಬೇಕಾಗುತ್ತದೇನೋ. ಅವರು ಅತ್ತ ಹೋದಮೇಲೆ ಆ ಹುಡುಗಿ ನನ್ನ ಕಡೆ ತಿರುಗಿದಳು. "ನಿಜವಾ ಅಕ್ಕಾ?"

ಹೌದು ಅಂದಿದ್ದರೆ ಅವಳು ಆ ರಾತ್ರಿ ನಿದ್ದೆ ಮಾಡುತ್ತಿದ್ದಳು. "ನೋವಾಗುತ್ತೆ. ನೀನು ಎತ್ತಿಕೊಂಡಿದ್ದರೆ ಕಡಿಮೆ ಆಗುತ್ತೆ" ಅಂದೆ.

ಇದು ಬರೀ ಸಾಂತ್ವನವಲ್ಲ. ಇಂದ್ರಿಯಗಳಲ್ಲಿ ಮೊದಲು ಹುಟ್ಟುವುದು ಸ್ಪರ್ಶ; ಗರ್ಭದ ಎಂಟನೇ ವಾರದ ಹೊತ್ತಿಗೇ ಬಾಯಿಯ ಸುತ್ತ ಮುಟ್ಟಿದ್ದು ತಿಳಿಯತೊಡಗುತ್ತದೆ. ಕಣ್ಣಿಗಿನ್ನೂ ಎದೆಯಿಂದ ತಾಯಿಯ ಮುಖದವರೆಗಿನಷ್ಟೇ ದೂರ, 20-30 ಸೆಂಟಿಮೀಟರ್. ಆದರೆ ಅವಳ ದನಿ, ಮೈವಾಸನೆ ಗೊತ್ತು. ಬರಿಮೈಗೆ ಬರಿಮೈ ತಾಗಿಸಿ ಎದೆಗೊರಗಿಸಿಕೊಂಡಾಗ, ಹಾಲು ಕುಡಿಯುವಾಗ ಚುಚ್ಚಿದರೆ ನೋವಿನ ಅಂಕ ಇಳಿಯುತ್ತದೆ. ತಾಯಿ ಇಲ್ಲದಿದ್ದರೆ ತಲೆ, ಕಾಲುಗಳನ್ನು ಗರ್ಭದಲ್ಲಿದ್ದಂತೆ ಮುದುರಿ ಹಿಡಿಯುವ ಎರಡು ಕೈಗಳಾದರೂ ಬೇಕು.

ಮರುದಿನ ಕಾಮಾಲೆಯ ಪರೀಕ್ಷೆಗೆ ಮತ್ತೆ ರಕ್ತ ಬೇಕಿತ್ತು. ವೈದ್ಯರು ಒಪ್ಪಿದರು. ಹುಡುಗಿ ಕುರ್ಚಿಯಲ್ಲಿ ಒರಗಿ ಕೂಸನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅದೇ ಸಿಸ್ಟರ್ ಬಂದು, ಮಗು ನೆಲೆಯಾಗುವವರೆಗೆ ಕಾದು, ಆಮೇಲೆ ಚುಚ್ಚಿದರು. ಹುಬ್ಬು ಉಬ್ಬಿತು, ಸ್ವಲ್ಪ ಹೊತ್ತಿಗೆ ಸಡಿಲಾಯಿತು.

ನಾನು ಬರೆದುಕೊಳ್ಳುವುದನ್ನು ನೋಡಿ ಹುಡುಗಿ ಕೇಳಿದಳು, "ಎಷ್ಟು ಬಂತು?"

"ಆರು."

"ಕಡಿಮೆ ಬಂದ್ರೆ ಪಾಸಾ ಅಕ್ಕಾ?"

"ಪಾಸು" ಅಂದೆ. ಸಿಸ್ಟರ್ ಹತ್ತಿ ಒತ್ತಿ ಹಿಡಿದೇ ಇದ್ದರು.