ಹಂಡೆನೀರಿನ ಮೂರ್ಛೆ

ಹಳೇ ಮೈಸೂರಿನ ಕಡೆಯವರಿಗೆ ಎಣ್ಣೆನೀರಿನ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಸುಕಿಗೇ ಒಲೆಗೆ ತೆಂಗಿನ ಮಟ್ಟೆ ತುರುಕಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಉಜ್ಜಿ, ಹಂಡೆಯಿಂದ ಮೊಗೆಮೊಗೆದು ಚೊಂಬಿನ ಮೇಲೆ ಚೊಂಬು ಸುರಿಯಬೇಕು. ‘ಸಾಕಜ್ಜಿ, ಸುಡ್ತದೆ’ ಎಂದು ಮಗು ಕೂಗಿದರೆ, ‘ಇರು ಮಗ, ಕಣ್ಮುಚ್ಕೊ, ಇನ್ನೆರಡೇ ಚೊಂಬು’ ಎಂಬ ಉತ್ತರ. ದೀಪಾವಳಿ ಬಂತೆಂದರೆ ಹಂಡೆಗೂ ಅಲಂಕಾರ, ಪೂಜೆ. ಇಷ್ಟು ಅಕ್ಕರೆಯ ಹೊತ್ತಿನಲ್ಲೇ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ದಿಟ್ಟಿಸಿ ನೋಡತೊಡಗುತ್ತವೆ. ಕರೆದರೆ ಓಗೊಡುವುದಿಲ್ಲ, ತುಟಿ ಚಪ್ಪರಿಸುತ್ತವೆ, ಸಂಬಂಧವಿಲ್ಲದ ಮಾತಾಡುತ್ತವೆ. ಕೆಲವಕ್ಕೆ ಕೈಕಾಲು ಸೆಟೆದು ಫಿಟ್ಸೇ ಬಂದುಬಿಡುತ್ತದೆ. ಬಚ್ಚಲಲ್ಲಿ ಏನೋ ಸೋಕಿತು, ಗಾಳಿ ಮೆಟ್ಟಿತು ಎಂದು ಮನೆಯವರು ಹೌಹಾರುತ್ತಾರೆ.

ಸೋಕಿದ್ದು ಗಾಳಿಯಲ್ಲ, ನೀರು. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥದೊಂದು ಪ್ರಕರಣ ವರದಿಯಾಗಿತ್ತು. ಟರ್ಕಿ, ಜಪಾನುಗಳಲ್ಲೂ ಉಂಟು. ಆದರೆ ಜಗತ್ತಿನಲ್ಲಿ ಇದು ಹೆಚ್ಚಾಗಿ ಕಂಡದ್ದು ನಮ್ಮ ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಇದನ್ನು ಮೊದಲು ಗಮನಕ್ಕೆ ತಂದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಮಕ್ಕಳೇ ಹೆಚ್ಚು, ಅದರಲ್ಲೂ ಗಂಡುಮಕ್ಕಳು. ನೀರಿನ ಬಿಸಿ 40ರಿಂದ 50 ಡಿಗ್ರಿ. ಅದೇ ನೀರನ್ನು ಬರೀ ಮೈಗೆ ಹಾಕಿಕೊಂಡರೆ ಸಾಮಾನ್ಯವಾಗಿ ಏನೂ ಆಗದು. ತಲೆಯ ಮೇಲೆ ಬಿಡುವಿಲ್ಲದೆ ಸುರಿದಾಗಲೇ ಕಂಟಕ.

ನನ್ನನ್ನು ಬಹಳ ದಿನ ಕಾಡಿದ ಸಂಗತಿ ಇನ್ನೊಂದಿದೆ. ಇವರಲ್ಲಿ ಕೆಲವರಿಗೆ ಆ ಗಳಿಗೆಯಲ್ಲಿ ಎಂಥದೋ ಹಿತವೆನಿಸುತ್ತದಂತೆ. ಸಾಕೆನ್ನಲಾರದೆ ಮತ್ತೆ ಮತ್ತೆ ನೀರು ಸುರಿದುಕೊಳ್ಳುತ್ತಾ ಪ್ರಜ್ಞೆ ತಪ್ಪುತ್ತಾರೆ. ದಸ್ತಯೇವ್‌ಸ್ಕಿಗೂ ಮೂರ್ಛೆಯ ಬೇನೆಯಿತ್ತು. ಅದು ಬರುವ ಮುಂಚಿನ ಕ್ಷಣದ ಆನಂದವನ್ನು ಅವನು ‘ಇಡಿಯಟ್’ ಕಾದಂಬರಿಯ ಮಿಶ್ಕಿನ್ ರಾಜಕುಮಾರನಿಗೆ ಕೊಟ್ಟ. ಪೀಟರ್ಸ್‌ಬರ್ಗಿನ ಕಾದಂಬರಿಕಾರನಿಗೂ ನಮ್ಮೂರ ಬಚ್ಚಲಲ್ಲಿ ಕೂತ ಹುಡುಗನಿಗೂ ಇಂಥ ನಂಟಿರಬಹುದೆಂದು ತಿಳಿದಾಗ ನನಗೆ ರೋಮಾಂಚನವಾಯಿತು. ಭಯ, ಹಿತ, ಇಲ್ಲದ ವಾಸನೆ, ಹಿಂದೆಂದೋ ಇದೇ ಜಾಗದಲ್ಲಿ ಇದೇ ನಡೆದಿತ್ತೆಂಬ ಭ್ರಮೆ, ಹೊಟ್ಟೆಯೊಳಗಿಂದ ಏನೋ ಮೇಲೇಳುವ ಅನುಭವ, ಇವೆಲ್ಲ ಕಿವಿಯ ಹತ್ತಿರದ ಟೆಂಪೊರಲ್ ಹಾಲೆಯಲ್ಲಿ ಶುರುವಾಗುವ ಸೆಳವಿನ ಲಕ್ಷಣಗಳು.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸಂತೆಯ ಜನರಂತೆ ತಮ್ಮ ತಮ್ಮ ವ್ಯವಹಾರದ ಮಾತು ತಾವಾಡಿಕೊಂಡಿದ್ದರೆ ನಮ್ಮ ಬಾಳು ಸಲೀಸು. ಸಂತೆಗೆ ಸಂತೆಯೇ ಒಂದೇ ಸ್ವರದಲ್ಲಿ ಕಿರುಚಿದರೆ ಅದೇ ಸೆಳವು. ಕೆರಳಿಸುವ ಸಂಕೇತ ಹೆಚ್ಚಿ ತಣಿಸುವ ಸಂಕೇತ ಸೋತಾಗ ಹೀಗಾಗುತ್ತದೆ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ತಲೆಯ ಮೇಲಿಂದಲೇ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ. ಇಂದಿನ ಇಇಜಿ ಅಲ್ಲಿಂದ ಬಂದದ್ದು. ಬಿಸಿನೀರಿನ ಬೇನೆಯಲ್ಲಿ ಮೈಶಾಖವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೇ ಅತಿಸೂಕ್ಷ್ಮವಾಗಿರಬೇಕೆಂದು ತಜ್ಞರ ಊಹೆ. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವುದನ್ನು ಕಂಡು ಬೆಂಗಳೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದವರು ಹುಡುಕುತ್ತ ಹೋಗಿ, 4 ಮತ್ತು 10ನೇ ವರ್ಣತಂತುಗಳಲ್ಲಿ ಅದರ ಜಾಡು ಹಿಡಿದರು.

ಎಲ್ಲ ಮೂರ್ಛೆಯ ಮೂಲವೂ ಬಚ್ಚಲಲ್ಲಿಲ್ಲ. ಹೆರಿಗೆಯಲ್ಲಿ ಮಗುವಿಗೆ ಉಸಿರು ಸಾಲದ್ದು, ತಲೆಗೆ ಬಿದ್ದ ಪೆಟ್ಟು, ಮಿದುಳು ಜ್ವರ, ಪಾರ್ಶ್ವವಾಯು, ಗಡ್ಡೆ, ಹೀಗೆ ಕಾರಣಗಳು ಹಲವು. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಸೇರಿ, ಮರಿ ಮಿದುಳಿಗೆ ಹೋಗಿ ಗೂಡು ಕಟ್ಟುವುದೂ ಉಂಟು. ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಕೊಳಚೆ ನೀರಲ್ಲಿ ಬೆಳೆದ ಸೊಪ್ಪು, ತೊಳೆಯದ ಕೈ, ಇಷ್ಟು ಸಾಕು.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವುದನ್ನು ಈಗಲೂ ಬಸ್‌ಸ್ಟ್ಯಾಂಡುಗಳಲ್ಲಿ ನೋಡುತ್ತೇವೆ. ಸೆಳವು ತಾನಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯಡಿಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆ.

ಬಿಸಿನೀರಿನ ಬೇನೆಗೆ ಎಷ್ಟೋ ಮಂದಿಗೆ ಬೆಚ್ಚಗಿನ ನೀರನ್ನು ನಿಧಾನ ಹಾಕಿಕೊಂಡರೇ ಸಾಕು. ಅಷ್ಟಕ್ಕೆ ಬಗ್ಗದಿದ್ದರೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ವೈದ್ಯರು ಹೇಳಿದಷ್ಟು ಕ್ಲೋಬಜಾಮ್ ಗುಳಿಗೆ. ಕೆಲವರಿಗೆ ಮುಂದೆ ನೀರಿನ ಹಂಗಿಲ್ಲದೆಯೂ ಫಿಟ್ಸ್ ಬರುವುದರಿಂದ ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಉಳಿದ ಮೂರ್ಛೆಗಳಿಗೂ ಮದ್ದು ದುಬಾರಿಯದೇ ಆಗಬೇಕೆಂದಿಲ್ಲ. ಮಣಿಯವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಫಿನೊಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಗುಳಿಗೆಗಳಿಂದಲೇ ಮೂರ್ಛೆಯನ್ನು ಹದ್ದುಬಸ್ತಿನಲ್ಲಿಡಬಹುದೆಂದು ತೋರಿಸಿಕೊಟ್ಟಿತು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಎಪ್ಪತ್ತು ಮಂದಿ ಫಿಟ್ಸಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಷ್ಟಿದ್ದೂ ಈ ಬೇನೆ ಹೆಣ್ಣುಮಕ್ಕಳನ್ನು ಹಣ್ಣು ಮಾಡುತ್ತದಲ್ಲ, ಅದು ನನಗೆ ಸಹಿಸದ ಮಾತು. ಹಿಂದೂ ವಿವಾಹ ಕಾಯಿದೆಯಲ್ಲೇ ಮೂರ್ಛೆ ಮದುವೆಗೆ ಅಡ್ಡಿಯಾಗಿ ಕೂತಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಕಾಯಿದೆಯಿಂದ ಹೋದದ್ದು ಜಗಲಿಯ ಮಾತಿನಿಂದ ಇನ್ನೂ ಹೋಗಿಲ್ಲ. ‘ಗಂಡಿನ ಕಡೆಯವರಿಗೆ ಗೊತ್ತಾಗೋದು ಬೇಡ’ ಎಂದು ತವರಿನವರು ಬಾಯಿ ಮುಚ್ಚಿಸಿ ಕಳಿಸುತ್ತಾರೆ. ಹುಡುಗಿ ಗುಳಿಗೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಾಳೆ, ತೀರಿದಾಗ ತರಿಸುವುದು ಹೇಗೆಂದು ತಿಳಿಯದೆ ಬಿಟ್ಟುಬಿಡುತ್ತಾಳೆ. ಹಠಾತ್ತನೆ ಮದ್ದು ನಿಂತರೆ ಸೆಳವು ಮೇಲಿಂದ ಮೇಲೆ ಬಂದು ಪ್ರಾಣಕ್ಕೇ ಎರವಾಗಬಹುದು. ವ್ಯಾಲ್‌ಪ್ರೊಯೇಟ್‌ನಂಥ ಗುಳಿಗೆ ಹೊಟ್ಟೆಯೊಳಗಿನ ಕೂಸಿಗೆ ಕೆಡುಕು ಮಾಡಬಹುದಾದ್ದರಿಂದ, ಗರ್ಭ ನಿಲ್ಲುವ ಮುಂಚೆಯೇ ವೈದ್ಯರನ್ನು ಕಂಡು ಮದ್ದು ಬದಲಿಸಿಕೊಳ್ಳಬೇಕಾಗುತ್ತದೆ. ಬೇನೆಯ ಹೆಸರನ್ನೇ ಎತ್ತುವಂತಿಲ್ಲದ ಮನೆಯಲ್ಲಿ ಅವಳು ಆಸ್ಪತ್ರೆಗೆ ಯಾರ ಜೊತೆ, ಏನು ಹೇಳಿ ಹೋಗಬೇಕು?